ಚನ್ನಕ್ಕನ ತಲೆಯೊಳಗಿನ ಪಂಕ್ತಿ

ಚನ್ನಕ್ಕ ನಮ್ಮ ವಠಾರಕ್ಕೆ ಮನೆ ಕೇಳಲು ಬಂದ ದಿನ ನಾನು ಬಾಗಿಲಲ್ಲಿ ಕುಳಿತು ಹುರುಳಿ ಆರಿಸುತ್ತಿದ್ದೆ. ಬಾಡಿಗೆ ಎಷ್ಟು, ನೀರು ಬರುತ್ತದೆಯೇ ಎಂದು ಅವಳು ಕೇಳಲಿಲ್ಲ. ಮೊರದ ಎದುರು ಕುಳಿತು ತಾನೂ ಆರಿಸತೊಡಗಿದಳು. ಹುರುಳಿ ಮುಗಿಯುವಷ್ಟರಲ್ಲಿ ಅವಳ ಊರು ಬಾದಾಮಿ ಕಡೆಯದೆಂದೂ, ಗಂಡ ಯಮನಪ್ಪ ಇಲ್ಲೇ ಪೀಣ್ಯದ ಫೌಂಡ್ರಿಯಲ್ಲಿ ಎರಕ ಹೊಯ್ಯುವವನೆಂದೂ, ಮಕ್ಕಳಿಲ್ಲವೆಂದೂ, ಆ ಮಾತನ್ನು ಇನ್ನೊಮ್ಮೆ ಯಾರೂ ಎತ್ತಬಾರದೆಂದೂ ನನಗೆ ತಿಳಿದಿತ್ತು. ನಾನು ಆಡಿದ್ದು ಒಂದೇ ಮಾತು, ಕೊನೆಯ ಮನೆ ಖಾಲಿ ಇದೆ ಎಂದು.

ನಮ್ಮ ಹೊಲಗಳು ಹೋಗಿ ಶೆಡ್ಡುಗಳು ಎದ್ದ ಮೇಲೆ ಉಳಿದ ಜಾಗದಲ್ಲಿ ನಮ್ಮೆಜಮಾನರು ಸಾಲಾಗಿ ಕಟ್ಟಿಸಿದ ಮನೆಗಳು ಅವು. ಅವರು ತೀರಿಕೊಂಡ ಮೇಲೆ ವಠಾರ ನನ್ನ ಪಾಲಿಗೆ ಬಂತು. ಕೊನೆಯ ಮನೆಯ ಮುಂದಿನ ಕೋಣೆಯಲ್ಲಿ ಚನ್ನಕ್ಕ ಖಾನಾವಳಿ ಶುರು ಮಾಡಿದಳು. ಆಗ ರಾಯಚೂರು, ಬಿಜಾಪುರ, ಕೊಪ್ಪಳದ ಕಡೆಯ ಹುಡುಗರು ಪೀಣ್ಯದ ಲೇತು, ಪ್ರೆಸ್ಸುಗಳ ಮುಂದೆ ನಿಲ್ಲಲು ಬರುತ್ತಿದ್ದ ಕಾಲ. ಇಲ್ಲಿಯ ಅನ್ನ, ಮುದ್ದೆ ಅವರಿಗೆ ಹಿಡಿಸುತ್ತಿರಲಿಲ್ಲ. ಮಧ್ಯಾಹ್ನದ ಸೈರನ್ ಆಗುತ್ತಲೇ ಸೈಕಲ್ಲುಗಳು ನಮ್ಮ ಗಲ್ಲಿಗೆ ನುಗ್ಗುತ್ತಿದ್ದವು. ಎರಡು ಪಂಕ್ತಿಯಲ್ಲಿ ನೆಲದ ಮೇಲೆ ಕೂರುವುದು, ಜೋಳದ ರೊಟ್ಟಿ, ಪಲ್ಯ, ಝುಣಕ, ಕೊನೆಗೆ ಮಜ್ಜಿಗೆ. ಮತ್ತು ಇಡೀ ಹೊತ್ತು ಚನ್ನಕ್ಕನ ಬಾಯಿ.

"ಏ ಅಮರೇಶಾ, ತೊಗೋ ಇನ್ನೊಂದು, ನಾಚಬ್ಯಾಡ. ನಿಮ್ಮ ಅತ್ತಿ ಮನಿ ಅಲ್ಲಿದು! ಯಾರೋ ಅಂವ ಮೂಲ್ಯಾಗ, ಪಲ್ಯ ಸರಿಸಿಟ್ಟಾಂವ? ನಾಳಿ ಹೆಂಡ್ತಿ ಮುಂದ ಹಿಂಗ ಸರಿಸು, ಲಟ್ಟಣಿಗಿ ಬೀಳ್ತದ."

ಗೋಡೆಯ ಈಚೆ ಕುಳಿತರೂ ನನಗೆ ಯಾರು ಬಂದಿದ್ದಾರೆ, ಯಾರಿಗೆ ಜ್ವರ, ಯಾರ ಊರಿನಿಂದ ಕಾಗದ ಬಂದಿಲ್ಲ ಎಲ್ಲವೂ ತಿಳಿಯುತ್ತಿತ್ತು. ನನ್ನ ಮನೆಯಲ್ಲಿ ರೇಡಿಯೋ ಕೆಟ್ಟು ಎಷ್ಟೋ ಕಾಲವಾಗಿತ್ತು. ರಿಪೇರಿ ಮಾಡಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಆ ಖಾನಾವಳಿಯಲ್ಲಿ ಒಂದು ನಿಯಮವಿತ್ತು. ಪಂಕ್ತಿಯಲ್ಲಿ ಕುಳಿತವನನ್ನು ನೀನು ಯಾರು ಎಂದು ಕೇಳುವಂತಿಲ್ಲ, ಎಬ್ಬಿಸುವಂತಿಲ್ಲ. ಚನ್ನಕ್ಕ ಚಿಕ್ಕವಳಿದ್ದಾಗ ಊರಿನ ಮಠದ ದಾಸೋಹದಲ್ಲಿ ಬಡಿಸಿ ಬೆಳೆದವಳು. "ಕುಂತಾಂವ ಮೊದ್ಲ ಉಣ್ಣಲಿ ಅಂಜನವ್ವ. ಕೇಳೂದು ಏನಿದ್ರೂ ಕೈ ತೊಳದ ಮ್ಯಾಲ" ಎಂದು ನನಗೆ ಹೇಳುತ್ತಿದ್ದಳು.

ಈ ನಿಯಮದಿಂದ ಒಮ್ಮೆ ತಮಾಷೆಯಾಯಿತು. ಚೌಕಳಿ ಅಂಗಿಯವನೊಬ್ಬ ಕೆಲವು ವಾರ ತಪ್ಪದೆ ಬಂದು ಉಂಡ. ಅಮರೇಶನ ಪಕ್ಕದಲ್ಲೇ ಕೂರುತ್ತಿದ್ದ. ಅಮರೇಶ ಎಂದರೆ ರಾಯಚೂರು ಕಡೆಯ ಹುಡುಗ, ಡಿಪ್ಲೊಮಾ ಓದಿದವನು, ಖಾನಾವಳಿಯಲ್ಲಿ ಇಂಗ್ಲಿಷ್ ಬರುವ ಒಬ್ಬನೇ. ಒಂದು ದಿನ ಚೌಕಳಿ ಅಂಗಿಯವನು ಎಲ್ಲರಿಗಿಂತ ಮೊದಲು ಉಂಡು ಎದ್ದು ಹೋದ, ಮತ್ತೆ ಬರಲಿಲ್ಲ. ಅಮರೇಶನ ಹೊಸ ಚಪ್ಪಲಿಯೂ ಇರಲಿಲ್ಲ. ಆಗ ವಿಚಾರಿಸಿದರೆ, ಅವನು ಅಮರೇಶನ ಊರಿನವನೆಂದು ಯಮನಪ್ಪ ತಿಳಿದಿದ್ದ, ಯಮನಪ್ಪನ ಫೌಂಡ್ರಿಯವನೆಂದು ಅಮರೇಶ ತಿಳಿದಿದ್ದ, ಉಳಿದವರು ಚನ್ನಕ್ಕನ ತವರಿನ ಕಡೆಯವನೆಂದು ತಿಳಿದಿದ್ದರು. ಚನ್ನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಝುಣಕದ ಬಟ್ಲ ನಾವ ಅವನ ಕಡೆ ಸರಿಸೇವಲ್ಲೋ ಅಮರೇಶಾ!"

ಅಮರೇಶ ಮಾತ್ರ ಬರಿಗಾಲಲ್ಲಿ ನಗದೆ ನಿಂತಿದ್ದ.

ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಚನ್ನಕ್ಕನ ಮಾತು ದಾರಿ ತಪ್ಪಲು ಶುರುವಾಯಿತು. "ನೀರು ಕೊಡು" ಎನ್ನಬೇಕಾದ ಕಡೆ "ಕಿಟಕಿ ಕೊಡು" ಎಂದಳು. ಹುಡುಗರು ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಆಮೇಲೆ ಬೆಳಗ್ಗೆ ಎದ್ದೊಡನೆ ತಲೆನೋವು, ವಾಂತಿ. ರೊಟ್ಟಿ ಬಡಿಯುವ ಬಲಗೈ ಸೋಲುತ್ತಿತ್ತು. ದಾಸರಹಳ್ಳಿಯ ಡಾಕ್ಟರು ಪಿತ್ತ ಎಂದರು. ಇನ್ನೊಬ್ಬರು ಕಣ್ಣಿನ ದೋಷ ಎಂದು ಕನ್ನಡಕ ಬರೆದುಕೊಟ್ಟರು. ಕನ್ನಡಕ ಹಾಕಿಕೊಂಡು ಬಡಿಸಲು ನಿಂತ ದಿನ ಅವಳು ಗಂಡನನ್ನು ಕರೆಯಲು ಬಾಯಿ ತೆರೆದಳು. ಹೆಸರು ಬರಲಿಲ್ಲ. ಸಟ್ಟುಗ ಹಿಡಿದುಕೊಂಡು ಹಾಗೇ ನಿಂತಳು. ಆ ದಿನ ಯಾರೂ ನಗಲಿಲ್ಲ.

ದೊಡ್ಡಾಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಯಮನಪ್ಪನಿಗೆ ರಜೆ ಸಿಕ್ಕಿರಲಿಲ್ಲ. ಸ್ಕ್ಯಾನಿಂಗ್ ಕೋಣೆಯವನು ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದ. ಬಳೆ, ತಾಳಿ, ಮೂಗುಬಟ್ಟು ನನ್ನ ಸೆರಗಿಗೆ ಬಂದವು. ಕೊರಳಿನ ಬೆಳ್ಳಿ ಕರಡಿಗೆಯ ಹತ್ತಿರ ಅವಳ ಕೈ ನಿಂತಿತು.

"ಕರಡಿಗಿ ಬೇಕಾದ್ರ ಕೊಡ್ತೀನಿ ಯಪ್ಪಾ. ಒಳಗಿನ ಲಿಂಗ ಮೈ ಬಿಟ್ಟು ಇರೂದಿಲ್ಲ."

ಅವನು ಪಾಪ ಒಳ್ಳೆಯವನು. ಬಿಚ್ಚಿಸಿ ನೋಡಿದ, ಕಲ್ಲು, ಲೋಹವಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಬಿಟ್ಟ. ಖಾಲಿ ಕರಡಿಗೆ ಹಿಡಿದುಕೊಂಡು ನಾನು ಹೊರಗೆ ಕುಳಿತೆ.

ಫಲಿತಾಂಶ ಹೇಳಿದವರು ವತ್ಸಲಾ ಎಂಬ ಡಾಕ್ಟರು. ಚಿಕ್ಕ ವಯಸ್ಸು, ತಾಳ್ಮೆ ಇತ್ತು. ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದರು. ಚನ್ನಕ್ಕನ ತಲೆಯೊಳಗೆ ಎಡಗಡೆ ಒಂದು ಬಿಳಿ ಮಬ್ಬು.

"ನೋಡಿ ಅಮ್ಮ, ಇದು ಗೆಡ್ಡೆ. ಆದರೆ ಹುಣಸೆ ಬೀಜದ ಹಾಗೆ ಬೇರೆಯಾಗಿ ಕೂತಿಲ್ಲ. ಅಂಚು ಎಲ್ಲಿ ಅಂತ ಹೇಳೋಕಾಗಲ್ಲ, ಸುತ್ತ ಇರೋದರ ಜೊತೆ ಬೆರೆತುಬಿಟ್ಟಿದೆ."

"ಸುತ್ತ ಏನೈತ್ರಿ?" ಎಂದಳು ಚನ್ನಕ್ಕ.

"ಒಳ್ಳೆ ಜೀವಕೋಶಗಳು. ನಮ್ಮ ಯೋಚನೆ, ಮಾತು ನಡೆಸೋ ಕೋಶಗಳು ಒಂದು ಜಾತಿ. ಅವಕ್ಕೆ ಆಸರೆಯಾಗಿ ನಿಂತು, ಊಟ ತಲುಪಿಸೋ ಕೋಶಗಳು ಇನ್ನೊಂದು ಜಾತಿ. ಗೆಡ್ಡೆ ಹರಡಬೇಕಾದ್ರೆ ಇವುಗಳ ನಡುವೆನೇ ಹಾದು ಹೋಗಬೇಕು."

"ಅಂಗಂದ್ರೆ ಅವು ಅಡ್ಡ ನಿಂತ್ಕಳಲ್ವ ತಾಯಿ?" ಎಂದು ನಾನು ಕೇಳಿದೆ.

ಡಾಕ್ಟರು ಹಾಳೆಯ ಮಬ್ಬಿನ ಅಂಚಿನ ಮೇಲೆ ಬೆರಳಾಡಿಸಿದರು. "ಅದನ್ನೇ ಎಲ್ಲರೂ ಹುಡುಕ್ತಾ ಇದ್ದಾರೆ. ಕೆಲವು ತಡೆಯೋ ಹಾಗೆ ಕಾಣುತ್ತೆ. ಕೆಲವು ದಾರಿ ಮಾಡಿಕೊಡೋ ಹಾಗೆ, ಬೆಳೆಯೋಕೆ ಬೇಕಾದ್ದು ಒದಗಿಸೋ ಹಾಗೂ ಕಾಣುತ್ತೆ. ಒಂದೇ ಕೋಶ ಎರಡೂ ಮಾಡುತ್ತೋ ಏನೋ. ಪೂರ್ತಿ ಗೊತ್ತಿಲ್ಲ."

"ನಮ್ಮೋರ ಅವಂಗ ಉಣ್ಣಾಕ ನೀಡಾಕತ್ತಾರ?"

"ಹಾಗೂ ಇರಬಹುದು."

ಚನ್ನಕ್ಕ ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೆ ಅದೇ ದೊಡ್ಡ ಭಯವಾಯಿತು. ಯಶವಂತಪುರದಲ್ಲಿ ಬಸ್ಸು ಬದಲಿಸುವಾಗ ನನ್ನ ತೋಳು ಹಿಡಿದಳು. "ಅಂಜನವ್ವ, ಚಪ್ಲಿ ಕದ್ದಾಂವ ನನ್ನ ತಲ್ಯಾಗ ಬಂದು ಕುಂತಾನ ನೋಡು. ಇಂವ ಅವರ ಪೈಕಿ ಅಂತ ಇವರು, ಇವರ ಪೈಕಿ ಅಂತ ಅವರು, ಎಲ್ಲಾರೂ ಬಟ್ಲ ಸರಿಸಾಕತ್ತಾರ."

ಮನೆಗೆ ಬಂದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಅರ್ಥವಾಯಿತು. ಅಮರೇಶ ಆಸ್ಪತ್ರೆಯ ಕಾಗದ ಓದಿ, ಇದು ತುಕ್ಕಿನ ಹಾಗೆ, ಹತ್ತಿರದ ಒಳ್ಳೆ ಕಬ್ಬಿಣವೂ ತುಕ್ಕಾಗುತ್ತದೆ ಎಂದ. "ಹಾಗಾದ್ರೆ ಒಳ್ಳೇವು ಕೆಟ್ಟೋಗ್ತವಾ?" ಎಂದೆ. "ಇಲ್ಲ ಅಂಜನಮ್ಮಾರೆ, ಅವು ಒಳ್ಳೇವಾಗೇ ಇರ್ತಾವ್ರಿ" ಎಂದು ತಾನೇ ತಲೆ ಕೆರೆದುಕೊಂಡ. ಯಮನಪ್ಪ, ಎರಕದಲ್ಲಿ ಕಸ ಉಳಿದಂತೆ, ಕೆನೆಗಟ್ಟಿದ್ದನ್ನೆಲ್ಲ ಬಾಚಿ ಎಸೆದರೆ ಮುಗಿಯಿತು ಎಂದ. ತುಕ್ಕೋ, ಕಸವೋ, ಕಳ್ಳನೋ ನನಗೆ ಹೊಳೆಯಲಿಲ್ಲ. ಡಾಕ್ಟರು ಹೇಳಿದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ತಡೆಯುತ್ತವೆ, ದಾರಿಯನ್ನೂ ಬಿಡುತ್ತವೆ. ಇಂಥವರನ್ನು ನೆರೆಯವರೆನ್ನಬೇಕೋ ಹಗೆಯವರೆನ್ನಬೇಕೋ?

ಆಪರೇಷನ್ನಿಗೆ ಹಾಸಿಗೆ ಖಾಲಿಯಾಗುವವರೆಗೆ ಕಾಯಬೇಕಿತ್ತು. ಅಷ್ಟರವರೆಗೆ ತಲೆಯೊಳಗಿನ ಬಾವು ಇಳಿಯಲು ಮಾತ್ರೆ ಕೊಟ್ಟಿದ್ದರು. ಮಾತ್ರೆ ಶುರುವಾದ ನಾಲ್ಕಾರು ದಿನಕ್ಕೆ ಚನ್ನಕ್ಕನ ತಲೆನೋವು ನಿಂತಿತು, ಮಾತು ಸರಿಯಾಯಿತು. ಹುಡುಗರಿಗೆ ಮತ್ತೆ ಬೈಗುಳ ಬೀಳತೊಡಗಿತು. ಆದರೆ ಇನ್ನೊಂದು ಬಂತು. ಹಸಿವು.

ಎಲ್ಲರೂ ಉಂಡ ಮೇಲೆ ಒಂದು ರೊಟ್ಟಿ ಮುರಿದು ತಿನ್ನುವ ಹೆಂಗಸು ಅವಳು. ಈಗ ಹಂಚಿನಿಂದ ಇಳಿದ ರೊಟ್ಟಿ ಬುಟ್ಟಿಗೆ ಬೀಳುವ ಮೊದಲೇ ಬಾಯಿಗೆ ಹೋಗುತ್ತಿತ್ತು. ಹುಡುಗರಿಗಿಟ್ಟ ಪಲ್ಯದಲ್ಲಿ ಅರ್ಧ ಖಾಲಿ. ನಡುಮಧ್ಯಾಹ್ನ ನನ್ನ ಅಡುಗೆಮನೆಗೆ ಬಂದು ತಂಗಳು ಮುದ್ದೆ ಕೇಳಿದಳು, ಮುದ್ದೆಯನ್ನು ಗಂಟಲಿಗಿಳಿಸಲಾಗದು ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದವಳು. ತಿಂದು, ತಟ್ಟೆಯ ಮುಂದೆ ಕುಳಿತು ಅಳತೊಡಗಿದಳು.

"ಯಾಕೆ ಅಳ್ತೀಯೆ? ಉಣ್ಣೋದು ಒಳ್ಳೇದೇ ಅಲ್ವ?"

"ಇದು ನನ್ನ ಹಸಿವಲ್ಲ ಅಂಜನವ್ವ. ನನ್ನ ಹಸಿವು ನನಗ ಗೊತ್ತಿಲ್ಲೇನು? ಅದು ಸಣ್ಣದು, ಹೇಳಿದ ಮಾತು ಕೇಳ್ತಿತ್ತು. ಇದು ಅವಂದು."

ನಾನು ಅವಳ ಬೆನ್ನು ಸವರಿ ತಟ್ಟೆ ಎತ್ತಿಟ್ಟೆ.

ಅಷ್ಟರಲ್ಲಿ ಶ್ರಾವಣ ಬಂತು. ಚನ್ನಕ್ಕ ಸೋಮವಾರ ಉಪವಾಸ ಹಿಡಿದಳು. ಅದು ಅವಳು ವರ್ಷವೂ ಮಾಡುತ್ತಿದ್ದದ್ದೇ. ಮಂಗಳವಾರವೂ ಉಣ್ಣಲಿಲ್ಲ, ಬುಧವಾರವೂ ಉಣ್ಣಲಿಲ್ಲ. ಈ ಸಲ ತಿಂಗಳಿಡೀ ಹಿಡಿದಿದ್ದೇನೆ ಎಂದಳು. ವಠಾರದ ಹೆಂಗಸರೆಲ್ಲ ಕಾಯಿಲೆಗೆ ಹರಕೆ ಎಂದುಕೊಂಡರು. ಶ್ರಾವಣದಲ್ಲಿ ವ್ರತ ಹಿಡಿದವಳನ್ನು ಯಾಕೆ ಉಣ್ಣಲಿಲ್ಲ ಎಂದು ಯಾರು ಕೇಳುತ್ತಾರೆ? ಕೆಲವರು ಅವಳ ಕಾಲಿಗೆ ನಮಸ್ಕಾರವನ್ನೂ ಮಾಡಿದರು. ಅವಳು ಒಳಗೇ ಲೆಕ್ಕ ಹಾಕಿದ್ದು ಬೇರೆ. ಹೊರಗಿನಿಂದ ಅನ್ನ ಬಾರದಿದ್ದರೆ ಒಳಗಿನವರು ಅವನಿಗೆ ನೀಡುವುದಾದರೂ ಏನನ್ನು? ಪಂಕ್ತಿಯಿಂದ ಎಬ್ಬಿಸುವಂತಿಲ್ಲ, ಆದರೆ ಒಲೆ ಆರಿಸಬಹುದಲ್ಲ. ಹಾಗೆಯೇ ಮಾತ್ರೆ ನುಂಗಿದ ಮೇಲೆಯೇ ಹಸಿವು ಏಳುತ್ತದೆಂದು ಕಂಡುಕೊಂಡು ಮಾತ್ರೆಯನ್ನೂ ಬಿಟ್ಟಳು. ಗಂಡನ ಎದುರು ಬಾಯಿಗೆ ಹಾಕಿಕೊಂಡು ಹಿತ್ತಲಲ್ಲಿ ಉಗುಳುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ಅವಳು ಬೀಳುವುದಕ್ಕೆ ಹಿಂದಿನ ಸಂಜೆ, ಅವಳ ಬಾಯಿಂದಲೇ. "ಹಸಿವು ಹೋತು ಅಂಜನವ್ವ. ಅಂವ ಸೊರಗಾಕತ್ತಾನ" ಎಂದು ಗೆದ್ದವಳ ಹಾಗೆ ಹೇಳಿದಳು. ಬೆಳಗಾದ ಮೇಲೆ ಯಮನಪ್ಪನಿಗೆ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದುಕೊಂಡೆ. ಅವನು ಪಾಳಿ ಮುಗಿಸಿ ಬರುವ ಮೊದಲೇ ಅವಳು ಹಂಚಿನ ಮುಂದೆ ಬಿದ್ದಳು. ಬಲಗೈ ಬಲಗಾಲು ಅದುರುತ್ತಿದ್ದವು, ಬಾಯಲ್ಲಿ ನೊರೆ.

ಪಕ್ಕದ ಕಾರ್ಖಾನೆಯ ಮೆಟಡೋರ್‌ನಲ್ಲಿ ಹಾಕಿಕೊಂಡು ಹೋದೆವು. ಅದುರುವುದು ನಿಂತಿತು, ಕಣ್ಣು ತೆರೆದಳು. ಆದರೆ ಮಾತು ಬರಲಿಲ್ಲ. ನನ್ನ ಮುಖ ನೋಡಿ ತುಟಿ ಆಡಿಸಿದಳು, ದನಿ ಗಂಟಲಲ್ಲೇ ಗೊರಗೊರ ಎಂದಿತು. ಅಷ್ಟು ಮಾತಾಡುತ್ತಿದ್ದ ಹೆಂಗಸಿನ ಕಣ್ಣು ಮಾತ್ರ ಉಳಿದಿತ್ತು.

ನಾನು ಕೇಳಿದ್ದನ್ನೆಲ್ಲ ವತ್ಸಲಾ ಡಾಕ್ಟರಿಗೆ ಹೇಳಿದೆ. ಉಪವಾಸ, ಮಾತ್ರೆ, ಅವನ ಹಸಿವು. ಅವರು ಹಣೆಗೆ ಕೈಯಿಟ್ಟುಕೊಂಡರು.

"ಅಯ್ಯೋ ಅಮ್ಮ, ಹಸಿವು ಮಾತ್ರೆಯದು! ಆ ಮಾತ್ರೆ ತಗೊಂಡ ಎಲ್ಲರಿಗೂ ಹಸಿವಾಗುತ್ತೆ. ಗೆಡ್ಡೆಗೂ ಅದಕ್ಕೂ ಸಂಬಂಧ ಇಲ್ಲ."

"ನೀವೇ ಏಳಿದ್ರಲ್ಲ ತಾಯಿ, ಸುತ್ತ ಇರೋವು ಅದಕ್ಕೆ ಊಟ ಕೊಡ್ತವೆ ಅಂತ."

"ಹೇಳಿದ್ದೆ. ಸುಳ್ಳಲ್ಲ. ಆದರೆ ನೀವು ಊಟ ಬಿಟ್ಟರೆ ಮೊದಲು ಸೊರಗೋದು ಒಳ್ಳೆಯವೇ. ಬಾವು ಮತ್ತೆ ಏರಿದೆ, ಅದು ಮಾತಿನ ಜಾಗವನ್ನ ಒತ್ತಿ ಹಿಡಿದಿದೆ." ಅವರ ದನಿ ತಗ್ಗಿತು. "ಮಾತ್ರೆಯಿಂದ ಹಸಿವಾಗುತ್ತೆ ಅಂತ ಯಾರೂ ಇವರಿಗೆ ಹೇಳಿರಲಿಲ್ವ?"

ಯಾರೂ ಹೇಳಿರಲಿಲ್ಲ.

ಮಾತ್ರೆಯ ಬದಲು ಸೂಜಿಯಲ್ಲಿ ಔಷಧಿ ಕೊಟ್ಟರು. ಯಮನಪ್ಪ ಫೌಂಡ್ರಿಯ ಬಟ್ಟೆಯಲ್ಲೇ ಬಂದು ಮಂಚದ ಕಾಲ ಬಳಿ ಕುಳಿತವನು ಏಳಲಿಲ್ಲ. ಅವಳ ಮಾತು ತಿರುಗಿ ಬರುತ್ತದೆಯೇ ಎಂದು ದಾದಿಯರನ್ನು ಕೇಳುವುದು, ಅವರು ನೋಡೋಣ ಎನ್ನುವುದು. ಮೂರನೆಯ ದಿನ ಬೆಳಿಗ್ಗೆ ಚನ್ನಕ್ಕ ಗಂಡನ ಕಡೆ ಕಣ್ಣು ಹೊರಳಿಸಿ, ತುಂಡು ತುಂಡಾಗಿ, "ಮಸಿ... ಮಾರಿ... ತೊಕ್ಕೋ" ಎಂದಳು. ಅವನು ಮುಖ ತೊಳೆಯಲು ಓಡಿದ. ನಲ್ಲಿಯ ಹತ್ತಿರ ಅವನ ಹೆಗಲು ಅಲುಗುತ್ತಿದ್ದದ್ದನ್ನು ನಾನು ನೋಡದವಳಂತೆ ಈಚೆ ತಿರುಗಿದೆ.

ಮಾತು ಮುಕ್ಕಾಲುಪಾಲು ಬಂದ ಮೇಲೆ ವತ್ಸಲಾ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡರು. ಗೆಡ್ಡೆ ಮಾತಿನ ಜಾಗಕ್ಕೆ ಅಂಟಿಕೊಂಡಿದೆ. ಅಗಲವಾಗಿ ಕೊಯ್ದರೆ ಸುತ್ತಲಿನವನ್ನೂ ಸೇರಿಸಿ ತೆಗೆಯಬಹುದು, ಆದರೆ ಮಾತು ಹೋಗುತ್ತದೆ. ಕಂಡಷ್ಟನ್ನೇ ತೆಗೆದರೆ ಮಾತು ಉಳಿಯಬಹುದು, ಆದರೆ ಅಂಚಿನಲ್ಲಿ ಬೆರೆತದ್ದೂ ಉಳಿಯುತ್ತದೆ.

"ಎಲ್ಲಾ ತಗೀರಿ ಡಾಕ್ಟರ್ ಬಾಯಾರ" ಎಂದ ಯಮನಪ್ಪ. "ಮಾತು ಹೋದ್ರ ಹೋಗಲಿ, ಜೀವ ಇರ್ಲಿ. ಆಕಿ ಪಾಲಿನ ಮಾತೂ ನಾ ಆಡ್ತೀನಿ."

"ನೀ?" ಎಂದಳು ಚನ್ನಕ್ಕ. "ಮದಿವ್ಯಾದಾಗಿಂದ ನೀ ಆಡಿದ ಮಾತು ಕೂಡಿಸಿದ್ರ... ಒಂದು... ಒಂದು..."

ಪದ ಸಿಗಲಿಲ್ಲ. ಕೈಯಲ್ಲಿ ಸಣ್ಣ ಬುಟ್ಟಿಯ ಆಕಾರ ಮಾಡಿ ತೋರಿಸಿದಳು. ಡಾಕ್ಟರಿಗೂ ನಗು ಬಂತು. ಆಮೇಲೆ ಚನ್ನಕ್ಕ ನಗದೆ ಕೇಳಿದಳು. "ಅಗಲ ಕೊಯ್ದ್ರ ಅಂವ ಖರೇ ಹೋಗ್ತಾನೇನ್ರಿ?"

"ಖಾತ್ರಿ ಇಲ್ಲ. ಇನ್ನೂ ದೂರದ ಕೋಶಗಳ ನಡುವೆ ಈಗಾಗಲೇ ಸೇರಿಕೊಂಡಿರಬಹುದು. ಸ್ವಲ್ಪ ಹೆಚ್ಚು ಕಾಲ ಸಿಗಬಹುದು ಅಷ್ಟೆ. ಅದೂ ಇರಬಹುದು ಅಂತಲೇ."

"ಮತ್ತ ಉಣ್ಣಾಕ ನೀಡಿದೋರನ್ನ ಯಾಕ ಕಡೀತೀರಿ? ಅವಕ್ಕೇನು ಗೊತ್ತು ಪಾಪ, ಅಂವ ಯಾರಂತ?"

"ತಡೆಯೋವೂ ಅಲ್ಲೇ ಇವೆ" ಎಂದರು ಡಾಕ್ಟರು. "ಯಾವುದು ಯಾವುದು ಅಂತ ಕಣ್ಣಿಗೆ ಕಾಣೋದಿಲ್ಲ."

ಮೂರನೆಯ ದಾರಿಯೊಂದಿತ್ತು. ಎಚ್ಚರವಿಟ್ಟೇ ತಲೆ ತೆರೆಯುವುದು, ಮಾತಾಡಿಸುತ್ತಾ ಹೋಗುವುದು, ಮಾತು ಎಡವಿದ ಕಡೆ ನಿಲ್ಲಿಸುವುದು. ದೊಡ್ಡ ಡಾಕ್ಟರು ಕೆಲವರಿಗೆ ಹಾಗೆ ಮಾಡಿದ್ದರಂತೆ. ಚನ್ನಕ್ಕ ತಕ್ಷಣ ಒಪ್ಪಿದಳು. "ಮಾತಾಡೂದ ಕೆಲಸ ಅಂದ್ರ ನನಗೇನು?" ರುಜು ಹಾಕಬೇಕಾದವನು ಗಂಡ. ಅವನು ಎದ್ದು ಹೋದ.

ಮೆಟ್ಟಿಲ ಮೇಲೆ ಹಚ್ಚದ ಬೀಡಿ ಹಿಡಿದು ಕುಳಿತಿದ್ದ. ನಾನೂ ಹೋಗಿ ಕುಳಿತೆ. "ಕಸ ಉಳಿದ್ರ ಎರಕ ಒಡೀತದ ಅಂಜನವ್ವ. ಇಷ್ಟು ವರ್ಷ ಅದನ್ನ ನೋಡೀನಿ. ಆಕಿ ಬಿಡು ಅಂತಾಳ. ನಾ ಯಾರ ಮಾತು ಕೇಳ್ಲಿ?"

"ನಂಗೂ ತಿಳೀತಿಲ್ಲ ಕಣಪ್ಪಾ."

ಅವನು ಬೀಡಿಯನ್ನು ಬೆರಳಲ್ಲಿ ಹೊರಳಿಸಿದ. ಕೆಳಗೆ ಆಟೋಗಳ ಸದ್ದು. "ಆ ಮೂರು ದಿನ," ಎಂದ, "ಆಕಿ ಬದುಕೇ ಇದ್ಲು. ಉಸಿರಿತ್ತು, ಕಣ್ಣು ಬಿಡ್ತಿದ್ಲು. ಆದ್ರ ಸತ್ತ ಮನ್ಯಾಗ ಕುಂತಂಗ ಆಗಿತ್ತು ನನಗ." ಬೀಡಿಯನ್ನು ಜೇಬಿಗೆ ತುರುಕಿ ಒಳಗೆ ಹೋಗಿ ರುಜು ಹಾಕಿದ.

ಆಪರೇಷನ್ನಿನ ದಿನ ತಲೆ ಬೋಳಿಸಿದ್ದರು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಕಟ್ಟಿಕೊಳ್ಳಲು ಬಿಟ್ಟರು. ಒಳಗೆ ನಡೆದದ್ದನ್ನು ವತ್ಸಲಾ ಡಾಕ್ಟರು ಸಂಜೆ ನಮಗೆ ಹೇಳಿದರು. ಚಿತ್ರ ತೋರಿಸಿ ಹೆಸರು ಹೇಳಿಸುವುದು ಅಲ್ಲಿಯ ಕ್ರಮ. ಹಸು, ಕುರ್ಚಿ, ಬಾಳೆಹಣ್ಣು ಎಲ್ಲ ಹೇಳಿದಳಂತೆ. ಯಾವುದೋ ಪರದೇಶದ ತಂತಿ ವಾದ್ಯದ ಚಿತ್ರ ಬಂದಾಗ ಬಾಯಿ ಕಟ್ಟಿತು. ದೊಡ್ಡ ಡಾಕ್ಟರು ಕೈ ನಿಲ್ಲಿಸಿದರು. ಮಾತಿನ ಜಾಗ ಇದೇ ಇರಬೇಕು ಎಂದು ಗುರುತು ಹಾಕಲು ಹೊರಟರು. ಆಗ ಚನ್ನಕ್ಕ, "ಇದನ್ನ ನಾ ಹುಟ್ಟಿದಾಗಿಂದ ನೋಡಿಲ್ರಿ, ಹೆಂಗ ಹೇಳ್ಲಿ?" ಎಂದಳಂತೆ. ಚಿತ್ರ ಬಿಟ್ಟು, ನಿಮ್ಮ ಖಾನಾವಳಿಯಲ್ಲಿ ಹೇಗೆ ಬಡಿಸುತ್ತೀರಿ ಹೇಳಿ ಎಂದರು ವತ್ಸಲಾ ಡಾಕ್ಟರು.

ಆಮೇಲೆ ಅವಳನ್ನು ತಡೆಯುವವರಿಲ್ಲ. ತಲೆ ತೆರೆದುಕೊಂಡು ಮಲಗಿ ಇಡೀ ಕೋಣೆಗೆ ಬಡಿಸಿದಳು. "ನೀವು ತೊಗೋರಿ ಸಾಹೇಬ್ರ, ಸಣ್ಣ ಆಗೀರಿ. ಆ ಹುಡುಗಿಗೆ ರೊಟ್ಟಿ ಹಾಕ್ರಿ, ಆಗಿನಿಂದ ನಿಂತಾಳ." ಪಲ್ಯ ಆಯಿತು, ಝುಣಕ ಆಯಿತು, ಶೇಂಗಾ ಹಿಂಡಿ ಆಯಿತು. "ಇನ್ನ ಮ... ಮ..." ಎಂದು ನಿಂತಳು. ಎರಡನೆಯ ಸಲವೂ ನಿಂತಳು. ದೊಡ್ಡ ಡಾಕ್ಟರ ಕೈಯೂ ಅಲ್ಲೇ ನಿಂತಿತು. ಅದರಾಚೆ ಹೋಗಲಿಲ್ಲ.

"ಆಚೆ ಇನ್ನೂ ಇತ್ತಾ ತಾಯಿ?" ಎಂದೆ.

"ಇತ್ತು ಅನ್ನಿಸುತ್ತೆ. ಕಣ್ಣಿಗೆ ಒಳ್ಳೇದರ ಹಾಗೇ ಕಾಣ್ತಿತ್ತು."

ಆಮೇಲೆ ಕರೆಂಟು ಇಡಿಸುವುದು ಎನ್ನುತ್ತಾರಲ್ಲ, ಆ ಕಿರಣದ ಚಿಕಿತ್ಸೆ ಆಯಿತು. ಎಡಗಡೆಯ ಕೂದಲು ಪೂರಾ ಬರಲಿಲ್ಲ, ಸೆರಗು ಹೊದ್ದುಕೊಂಡು ಓಡಾಡಿದಳು. ದೀಪಾವಳಿ ಕಳೆದ ಮೇಲೆ ಖಾನಾವಳಿ ಮತ್ತೆ ತೆರೆಯಿತು. ಫೌಂಡ್ರಿಯ ಪಾಳಿ ಬದಲಿಸಿಕೊಂಡು ಯಮನಪ್ಪನೇ ರೊಟ್ಟಿ ಬಡಿಯಲು ಕುಳಿತ. ಅವನ ರೊಟ್ಟಿ ಆಕಾರಕ್ಕೆ ಬರುತ್ತಿರಲಿಲ್ಲ. "ಇದೇನು ರೊಟ್ಟಿನೋ ಕರ್ನಾಟಕದ ನಕಾಶೆನೋ?" ಎಂದು ಅವಳು ಕೇಳುವುದು, ಹುಡುಗರು ಬೀದರ್ ತುಂಡು ನನಗೆ, ಕೋಲಾರ ನನಗೆ ಎಂದು ಜಗಳವಾಡುವುದು. ಅವಳ ಮಾತು ಮೊದಲಿಗಿಂತ ನಿಧಾನ. ನಡುನಡುವೆ ಪದ ಬಿದ್ದುಹೋಗುತ್ತಿತ್ತು. ಆಗ ಆಪರೇಷನ್ನಿನ ಕಥೆ ಕೇಳಿದ್ದ ಪಂಕ್ತಿಯಿಡೀ ಒಟ್ಟಿಗೆ "ಮಜ್ಜಿಗೀ!" ಎಂದು ಕೂಗುತ್ತಿತ್ತು, ಅವಳು ಹೇಳಬೇಕಿದ್ದದ್ದು ಸೌಟೇ ಆಗಿದ್ದರೂ. "ಸುಮ್ಮನಿರ್ರೋ ಭಾಡ್ಯಾಗಳಾ, ನನ್ನ ಮಾತು ನಾ ಹುಡುಕ್ಕೋತೀನಿ" ಎಂದು ಬೈದು, ನಿಂತು, ಹುಡುಕಿಯೇ ಮುಂದೆ ಹೋಗುತ್ತಿದ್ದಳು.

ಮಾರನೆಯ ವರ್ಷ ಯುಗಾದಿ ಮುಗಿದು ಮತ್ತೆ ಸ್ಕ್ಯಾನಿಂಗ್. ನಾವಿಬ್ಬರೇ ಹೋದೆವು. ವತ್ಸಲಾ ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಹಳೆಯದನ್ನು ಪಕ್ಕದಲ್ಲಿಟ್ಟರು. ಗೆಡ್ಡೆ ಇದ್ದ ಜಾಗ ಕಪ್ಪಾಗಿತ್ತು. ಅದರ ಸುತ್ತ ತೆಳ್ಳಗೆ ಬಿಳಿ.

"ಏನ್ರಿ ಅದು? ಅಂವ ಬಂದಾನೇನು?"

"ಗೆಡ್ಡೆ ಮತ್ತೆ ಶುರುವಾಗಿರಬಹುದು. ಅಥವಾ ಕಿರಣ ಕೊಟ್ಟದ್ದರ ಗುರುತು ಇರಬಹುದು. ಇಲ್ಲಾ ಅಂದ್ರೆ ಸುತ್ತ ಇರೋ ಒಳ್ಳೆ ಕೋಶಗಳೇ ಸೇರಿಕೊಂಡು, ಗಾಯ ಮಾಯೋ ಹಾಗೆ ದಡ್ಡು ಕಟ್ಟಿರಬಹುದು. ಮೂರೂ ಸ್ಕ್ಯಾನಿಂಗಲ್ಲಿ ಒಂದೇ ಥರ ಕಾಣುತ್ತೆ."

"ದಡ್ಡು ಕಟ್ಟಿದ್ರ ಅವನ ತಡ್ಯಾಕ ಕಟ್ಯಾವೋ, ಅವಂಗ ಮನಿ ಮಾಡಿಕೊಡಾಕ ಕಟ್ಯಾವೋ?"

ಡಾಕ್ಟರು ಹಾಳೆ ಕೆಳಗಿಟ್ಟರು. "ಗೊತ್ತಿಲ್ಲ ಚನ್ನಕ್ಕ. ನಿಜವಾಗ್ಲೂ ಗೊತ್ತಿಲ್ಲ. ಮಳೆಗಾಲ ಕಳೀಲಿ, ಇನ್ನೊಂದ್ಸಲ ನೋಡೋಣ. ಮಾತು ಹೇಗಿದೆ?"

"ನೀವ ಕೇಳಾಕತ್ತೀರಲ್ರಿ" ಎಂದಳು.

ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು, ತೊಡೆಯ ಮೇಲೆ ಸೀಮೆಎಣ್ಣೆ ಸ್ಟೌ. ಚನ್ನಕ್ಕನ ಸೆರಗು ಜಾರಿದಾಗ ತಲೆಯ ಗಾಯ ಕಂಡು, ಏನಾಯಿತಕ್ಕ ಎಂದು ಕೇಳಿದಳು. ಚನ್ನಕ್ಕನಿಗೆ ಅಷ್ಟೇ ಸಾಕಾಗಿತ್ತು. ತಲೆಯೊಳಗೆ ಒಬ್ಬ ಬಂದಿದ್ದ, ಹೋದ, ಬೇಲಿ ಕಟ್ಟಿದ್ದಾರೆ ಎಂದಳು. ಮಲ್ಲೇಶ್ವರ ದಾಟುವಷ್ಟರಲ್ಲಿ ಅವನು ಹೋಗಿಲ್ಲ, ಬೇಲಿಯ ಮರೆಯಲ್ಲೇ ಇದ್ದಾನೆ ಎಂದಾಯಿತು. ಯಶವಂತಪುರದ ಹತ್ತಿರ, ಇದು ಬೇಲಿಯೇ ಅಲ್ಲ, ಬೆಂಕಿ ಆರಿದ ಮೇಲೆ ಉಳಿದ ಬೂದಿ ಎಂದಾಯಿತು. ಒಂದು ಕಡೆ ಪದ ಸಿಗದೆ ನಿಂತಳು. ನಾನು ಹೇಳಿಕೊಡಲಿಲ್ಲ. ತಡಕಾಡಿ ಹಿಡಿದುಕೊಂಡಳು, ಮುಂದೆ ಹೋದಳು.

ಸ್ಟೌ ಹೆಂಗಸು ಗೊಂದಲಗೊಂಡು ನನ್ನ ಕಡೆ ತಿರುಗಿದಳು. "ಏನಮ್ಮ, ಇವ್ರು ಏಳ್ತಿರೋದ್ರಲ್ಲಿ ಯಾವ್ದು ನಿಜ?"

"ನಂಗೂ ಗೊತ್ತಿಲ್ಲ ಕಣವ್ವ" ಎಂದೆ. "ಕೇಳ್ತಾ ಇರು. ನಾವು ಇಳಿಯೋ ಜಾಲಹಳ್ಳಿ ಕ್ರಾಸಿಗೆ ಇನ್ನೂ ಒತ್ತೈತೆ."